ಬೀಳುವ ಚಕ್ರಕ್ಕೆ ಸದ್ದಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿರಿಯಡ್ಕ ಪೇಟೆ ಮುಗಿಯುವಲ್ಲಿ, ತಗಡಿನ ಮಾಡು ಹೊದಿಸಿದ ಶೆಡ್ಡೊಂದರಲ್ಲಿ ಭೋಜ ಪೂಜಾರಿ ಹಳೆಯ ಜೀಪಿನ ಬೆನ್ನಿಗೆ ಕಿವಿಗೊಟ್ಟು ನಿಂತಿದ್ದಾರೆ. ಕೈಯಲ್ಲಿ ಸಣ್ಣ ಸುತ್ತಿಗೆ. ನಿನ್ನೆ ಸಂಜೆ ತಾವೇ ಬೆಸೆದು ಕೂರಿಸಿದ ಕಬ್ಬಿಣದ ಹಿಡಿಕೆಯ ಸುತ್ತ ಬಡಿಯುತ್ತಾರೆ, ನಿಲ್ಲಿಸುತ್ತಾರೆ, ಕೇಳಿಸಿಕೊಳ್ಳುತ್ತಾರೆ. ಆ ಹಿಡಿಕೆಯಲ್ಲಿ ಕೂತಿರುವುದು ಜೀಪಿನ ಸ್ಟೆಪ್ನಿ, ಅಂದರೆ ಪಂಕ್ಚರ್ ಆದಾಗ ಬದಲಿಸಲು ಇಟ್ಟುಕೊಳ್ಳುವ ಐದನೆಯ ಚಕ್ರ. ರಿಮ್ ಸೇರಿ ಇಪ್ಪತ್ತೈದು ಕಿಲೋ ತೂಗುತ್ತದೆ. ಭೋಜ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಜಗ್ಗುತ್ತಾರೆ. ಇಡೀ ಜೀಪು ಅಲುಗುತ್ತದೆ, ಚಕ್ರ ಅಲುಗುವುದಿಲ್ಲ. ಆದರೂ ಅವರ ಮುಖದಲ್ಲಿ ನೆಮ್ಮದಿ ಕಾಣುವುದಿಲ್ಲ.

"ಇವತ್ತು ರಸ್ತೆಗೆ ಇಳೀಲಿಕ್ಕುಂಟು ಇದು," ಎನ್ನುತ್ತಾರೆ. "ಪ್ರತಿ ಸಲವೂ ಹೆದರಿಕೆಯೇ."

ಭೋಜರಿಗೆ ಈಗ ಅರುವತ್ತರ ಹತ್ತಿರ. ವೆಲ್ಡಿಂಗ್ ಅವರ ಕಸುಬು. ಗೇಟು, ಕಿಟಕಿಯ ಸರಳು, ನೇಗಿಲು ಎಲ್ಲ ಬರುತ್ತವೆ. ಆದರೆ ಹಳೆಯ ಜೀಪು ಇಟ್ಟುಕೊಂಡವರು ಕಾಪುವಿನಿಂದ ಕಾರ್ಕಳದವರೆಗೆ ಅವರನ್ನು ಹುಡುಕಿಕೊಂಡು ಬರುವುದು ಸ್ಟೆಪ್ನಿಗಾಗಿ. ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಒಂದೊಂದು ಕಡೆ ಕಟ್ಟಿ, ಬಿಗಿದು, ಕಿತ್ತು, ಮತ್ತೆ ಬೆಸೆದ ಆ ಗಾಡಿಗಳಲ್ಲಿ ಐದನೆಯ ಚಕ್ರಕ್ಕೆ ಜಾಗ ಎಲ್ಲಿ ಎಂಬುದನ್ನು ಭೋಜ ತೀರ್ಮಾನಿಸಬೇಕು. ಶೆಡ್ಡಿಗೆ ಬೋರ್ಡಿಲ್ಲ. ದಿನಕ್ಕೆ ಒಂದು ಜೀಪಿಗಿಂತ ಹೆಚ್ಚು ಮುಟ್ಟುವುದಿಲ್ಲ. ಕೆಲವೊಮ್ಮೆ ಒಂದು ಜೀಪಿನ ಸುತ್ತ ಅರ್ಧ ದಿನ ಬರೀ ನೋಡುತ್ತ ಕಳೆಯುವುದೂ ಉಂಟು.

ಇವತ್ತಿನ ಜೀಪು ಹೆಬ್ರಿಯ ಸುಗಂಧಿ ಅವರದು. ಘಟ್ಟದ ಬುಡದ ಮೇಲಿನ ಮನೆಗಳಿಗೆ ರಿಕ್ಷಾ ಹೋಗದ ದಾರಿಯಲ್ಲಿ ಅವರು ಜನ, ಅಕ್ಕಿ, ಗ್ಯಾಸ್ ಸಿಲಿಂಡರ್ ಒಯ್ಯುತ್ತಾರೆ. ಗಂಡ ಮಸ್ಕತ್‌ನಲ್ಲಿ ದುಡಿಯುತ್ತಾರೆ, ಜೀಪು ಇವರು ತಮ್ಮದೇ ಧೈರ್ಯದಲ್ಲಿ ಕೊಂಡದ್ದು. ಸ್ಟೆಪ್ನಿ ಇಷ್ಟು ದಿನ ಒಳಗೇ, ಹಿಂದಿನ ಬೆಂಚುಗಳ ನಡುವೆ ಇತ್ತು. ಕಳೆದ ತಿಂಗಳು ಇಳಿಜಾರಿನಲ್ಲಿ ಹಗ್ಗ ಕಡಿದು ಉರುಳಿ ಒಬ್ಬ ಗರ್ಭಿಣಿಯ ಕಾಲಿನ ಮೇಲೆ ಬಿತ್ತು. ಪುಣ್ಯಕ್ಕೆ ಬಾವು ಬಂದು ಇಳಿಯಿತು. ಸುಗಂಧಿ ಮರುದಿನವೇ ಹಿರಿಯಡ್ಕಕ್ಕೆ ಬಂದರು. ಸರದಿ ಸಿಕ್ಕಿದ್ದು ನಿನ್ನೆ.

"ಬಾನೆಟಿನ ಮೇಲೆ ಇಟ್ಟುಬಿಡಿ ಭೋಜಣ್ಣ. ಮಣಿಪಾಲದ ಹುಡುಗರ ಜೀಪಿನಲ್ಲಿ ನೋಡಿದ್ದೇನೆ, ಚಂದ ಉಂಟು."

ಭೋಜ ಚಕ್ರವನ್ನು ಎತ್ತಿ ಬಾನೆಟಿನ ಮೇಲಿಟ್ಟರು. "ಈಗ ಸೀಟಿನಲ್ಲಿ ಕೂತು ನೋಡು ಮಾರಾಯ್ತಿ. ಎಂತ ಕಾಣ್ತದೆ?"

ಸುಗಂಧಿ ಗಿಡ್ಡ ಆಳು. "ಆಕಾಶ ಕಾಣ್ತದೆ."

"ಎದುರು ಸಣ್ಣ ಮಗು ನಿಂತರೆ?"

ಸುಗಂಧಿ ಇಳಿದರು. ಬದಿಗೆ ಎಂದರೆ, ಎದುರಿನಿಂದ ಗಾಡಿ ಬಂದಾಗ ಆ ದಾರಿಯಲ್ಲಿ ಬದಿಯ ದರೆಗೆ, ಕಡಿದಾದ ಮಣ್ಣಿನ ಗೋಡೆಗೆ, ತಾಗಿಕೊಂಡೇ ಸರಿಯಬೇಕು. ಮೊದಲ ದಿನವೇ ದರೆ ಚಕ್ರವನ್ನು ಕಿತ್ತುಕೊಳ್ಳುತ್ತದೆ. ಅಡಿಯಲ್ಲಿ ಎಂದರೆ ತೋಡು, ಸಣ್ಣ ಹಳ್ಳ, ದಾಟುವಾಗ ಕಲ್ಲು ಬಡಿಯುತ್ತದೆ. ಮೇಲೆ ಎಂದರೆ ಜೀಪಿನ ಮಾಡೇ ಬಟ್ಟೆಯದು. ಉಳಿದದ್ದು ಬೆನ್ನು. ಚಾಸಿಯಿಂದ, ಅಂದರೆ ಗಾಡಿಯ ಅಡಿಯ ಚೌಕಟ್ಟಿನಿಂದ, ಕಬ್ಬಿಣದ ತೋಳು ಎಬ್ಬಿಸಿ ಅದಕ್ಕೆ ಕೂರಿಸುವುದು ಭೋಜರ ಇಷ್ಟದ ಕ್ರಮ. ಆದರೆ ಅಷ್ಟು ದಿನ ಗಾಡಿ ನಿಲ್ಲಿಸಿದರೆ ಮೇಲಿನ ಮನೆಗಳವರಿಗೆ ಅಕ್ಕಿ ಹೋಗುವುದಿಲ್ಲ. ಕೊನೆಗೆ ಹಿಂಬಾಗಿಲಿನ ಬಲಬದಿಯ ತಗಡಿಗೇ ಒಳಗಿನಿಂದ ಕಬ್ಬಿಣದ ಪಟ್ಟಿ ಕೊಟ್ಟು ಹಿಡಿಕೆ ಬೆಸೆಯುವುದೆಂದಾಯಿತು.

ಭೋಜರ ಹೆದರಿಕೆಗೆ ಒಂದು ಊರು ಉಂಟು. ಅದು ಕಾಪು. ಇಪ್ಪತ್ತರ ಪ್ರಾಯದಲ್ಲಿ ಅವರು ಅಕ್ಕನ ಗಂಡನ ಸ್ಕೂಟರಿನ ಹಿಂದೆ ಕೂತು ಹೆದ್ದಾರಿಯಲ್ಲಿ ಹೋಗುತ್ತಿದ್ದರು. ಮುಂದೆ ಒಂದು ಜೀಪು ಹೋಗುತ್ತಿತ್ತು. ಅದರ ಬೆನ್ನಿನಿಂದ ಸ್ಟೆಪ್ನಿ ಕಳಚಿತು.

"ಕಬ್ಬಿಣ ಬಿದ್ದರೆ ಕೇಳ್ತದೆ. ಟೈರ್ ಬಿದ್ದರೆ ಸದ್ದಿಲ್ಲ. ಒಮ್ಮೆ ನೆಲಕ್ಕೆ ತಾಗಿತು, ಮತ್ತೆ ಮನುಷ್ಯನ ಎತ್ತರಕ್ಕೆ ಹಾರಿತು. ಎಡಕ್ಕೆ ಹೋಗ್ತದಾ ಬಲಕ್ಕೆ ಹೋಗ್ತದಾ ಅಂತ ಅದಕ್ಕೇ ಗೊತ್ತಿರುದಿಲ್ಲ. ಭಾವ ಬ್ರೇಕ್ ಹಿಡಿದರು. ನಾನು ಚರಂಡಿಯಲ್ಲಿ ಎದ್ದೆ. ಭಾವ ಏಳಲಿಲ್ಲ."

ಜೀಪು ನಿಲ್ಲಲಿಲ್ಲ. ತಪ್ಪಿಸಿಕೊಂಡು ಹೋದದ್ದಲ್ಲ ಎಂದು ಭೋಜ ನಂಬುತ್ತಾರೆ. ಚಾಲಕನಿಗೆ ತಿಳಿಯಲೇ ಇಲ್ಲ.

"ಅದನ್ನು ವೆಲ್ಡ್ ಮಾಡಿದವನಿಗೂ ಗೊತ್ತಿಲ್ಲ. ಈಗಲೂ ಎಲ್ಲಿಯೋ ಗಂಜಿ ಉಂಡು ಮಲಗ್ತಾ ಇರಬಹುದು, ಒಳ್ಳೆಯ ಕೆಲಸ ಮಾಡಿದ್ದೇನೆ ಅಂತ." ಅವರು ಸುತ್ತಿಗೆಯನ್ನು ಕೆಳಗಿಡುತ್ತಾರೆ. "ನನ್ನದು ಹಾಗೆ ಎಲ್ಲಿಯಾದರೂ ಬಿದ್ದಿದ್ದರೆ? ನನಗೆ ಬಂದು ಯಾರು ಹೇಳ್ತಾರೆ?"

ಈ ಪ್ರಶ್ನೆಯಿಂದಲೇ ಅವರ ಒಂದು ರೂಢಿ ಹುಟ್ಟಿದೆ. ಸ್ಟೆಪ್ನಿ ಕೂರಿಸಿದ ಜೀಪು ಮೊದಲ ಸಲ ಹೊರಡುವಾಗ ಭೋಜ ತಮ್ಮ ಸ್ಕೂಟರಿನಲ್ಲಿ ಅದರ ಹಿಂದೆ ಹೋಗುತ್ತಾರೆ. ಚಕ್ರ ಕಳಚಿದರೆ ಎಲ್ಲಿ ಬೀಳುತ್ತದೋ ಸರಿಯಾಗಿ ಆ ಜಾಗದಲ್ಲಿ, ಬೇರೆ ಯಾವ ಗಾಡಿಯೂ ನಡುವೆ ನುಗ್ಗದ ಹಾಗೆ. ದಾರಿ ಎಷ್ಟು ಕೆಟ್ಟದಿದೆಯೋ ಅಷ್ಟು ಒಳ್ಳೆಯದು ಅವರಿಗೆ, ಕಳಚುವುದಿದ್ದರೆ ತಮ್ಮ ಕಣ್ಣೆದುರೇ ಕಳಚಲಿ ಎಂದು. ನಿಲ್ಲಿಸಬೇಕಿದ್ದರೆ ಬಿಡದೆ ಹಾರ್ನ್ ಒತ್ತುವುದು ಎಂಬ ಒಪ್ಪಂದವೂ ಇರುತ್ತದೆ.

"ಮದುವೆಗೆ ಹೋಗುವಾಗಲೂ ಇವರ ಕಣ್ಣು ಎದುರಿನ ಗಾಡಿಯ ಬೆನ್ನಿನ ಮೇಲೆಯೇ," ಎನ್ನುತ್ತಾರೆ ಹೆಂಡತಿ ರತ್ನಾವತಿ. "ನನ್ನ ಹೊಸ ಸೀರೆ ಯಾವ ಬಣ್ಣ ಅಂತ ಕೇಳಿ, ಗೊತ್ತಿರುದಿಲ್ಲ."

ಜೀಪು ಒಯ್ಯಲು ಬಂದ ಸುಗಂಧಿ ಎಂಜಿನ್ ಎಬ್ಬಿಸುತ್ತಾರೆ. ಪಕ್ಕದ ಪಂಕ್ಚರ್ ಅಂಗಡಿಯ ಆಂಟನಿ ಬಾಗಿಲು ತೆರೆಯುತ್ತ ಕೂಗುತ್ತಾರೆ: "ನಮ್ಮ ಬೀದಿಯ ನಾಯಿಗಳು ಗಾಡಿಯ ಹಿಂದೆ ಓಡುವುದು ಬಿಟ್ಟವು ಮಾರಾಯ. ನೀನು ಯಾವಾಗ ಬಿಡುವುದು?"

"ನಿನ್ನ ಪಂಕ್ಚರ್ ಗಟ್ಟಿ ನಿಂತ ದಿನ," ಎಂದು ಭೋಜ ಹೆಲ್ಮೆಟ್ ಹಾಕಿಕೊಳ್ಳುತ್ತಾರೆ. ನಗುವುದಿಲ್ಲ.

ಪೆರ್ಡೂರು ದಾಟುವವರೆಗೆ ಎಲ್ಲ ಸರಿ ಇತ್ತು. ಹೆದ್ದಾರಿ ಬಿಟ್ಟು ಒಳರಸ್ತೆಗೆ ಇಳಿದ ಮೇಲೆ ಜೀಪು ಕುಣಿಯತೊಡಗುತ್ತದೆ. ಭೋಜರ ಕಣ್ಣು ಚಕ್ರದ ನಡುವಿನ ನಟ್ಟಿನ ಮೇಲೆ. ಜೀಪು ಕುಣಿದಾಗ ಚಕ್ರವೂ ಅದರ ಜೊತೆಗೇ ಕುಣಿಯಬೇಕು. ಒಂದು ಹೊಂಡದ ನಂತರ ಜೀಪು ಮೊದಲು ಕುಣಿಯುತ್ತದೆ, ಚಕ್ರ ಒಂದು ಗಳಿಗೆ ತಡೆದು ಕುಣಿಯುತ್ತದೆ. ಮುಂದಿನ ಹೊಂಡದಲ್ಲಿ ಇನ್ನೂ ಸ್ವಲ್ಪ ತಡ.

ಎದುರು ಉದ್ದದ ಇಳಿಜಾರು. ಅದರ ಬುಡದಲ್ಲಿ ಬಸ್ ತಂಗುದಾಣ. ಸಮವಸ್ತ್ರದ ಮಕ್ಕಳು ರಸ್ತೆಯಲ್ಲೇ ನಿಂತಿದ್ದಾರೆ.

ಭೋಜ ಹಾರ್ನ್ ಒತ್ತುತ್ತಾರೆ. ಬಿಡದೆ ಒತ್ತುತ್ತಾರೆ. ಹಳೆಯ ಡೀಸೆಲ್ ಎಂಜಿನ್ನಿನ ಅಬ್ಬರದಲ್ಲಿ ಸುಗಂಧಿಗೆ ಕೇಳುವುದಿಲ್ಲ. ನಿಲ್ಲಿಸಬೇಕಾದರೆ ಎದುರಿಗೆ ಹೋಗಬೇಕು. ಎದುರಿಗೆ ಹೋದರೆ ಚಕ್ರದ ಹಿಂದೆ ಯಾರೂ ಇರುವುದಿಲ್ಲ, ಅದು ಬಿದ್ದು ಇಳಿಜಾರು ಹಿಡಿದರೆ ಬರುವುದು ಅವರ ಬೆನ್ನಿಗೆ. ಇಷ್ಟು ವರ್ಷ ಚಕ್ರವನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಓಡಿದ ಮನುಷ್ಯ ಅದಕ್ಕೆ ಬೆನ್ನು ಹಾಕುತ್ತಾರೆ. ಜೀಪಿಗೂ ದರೆಗೂ ನಡುವಿನ ಸಂದಿಯಲ್ಲಿ ಸ್ಕೂಟರ್ ನುಗ್ಗಿಸಿ, ಒಂದು ಕೈ ಎತ್ತಿ, ಅಡ್ಡ ಬರುತ್ತಾರೆ.

ಜೀಪು ನಿಲ್ಲುತ್ತದೆ. ಸ್ಕೂಟರನ್ನು ಅಲ್ಲೇ ಬೀಳಲು ಬಿಟ್ಟು ಭೋಜ ಹಿಂದಕ್ಕೆ ಓಡಿ ಚಕ್ರಕ್ಕೆ ಎರಡೂ ಕೈ ಮತ್ತು ಎದೆ ಕೊಟ್ಟು ನಿಲ್ಲುತ್ತಾರೆ.

ಬೆಸುಗೆ ಬಿಟ್ಟಿರಲಿಲ್ಲ. ಬೆಸುಗೆ ಹಿಡಿದುಕೊಂಡಿದ್ದ ತಗಡೇ ಪಟ್ಟಿಯ ಸಮೇತ ಮೂರು ಬದಿಯಲ್ಲಿ ಹರಿದಿತ್ತು. ಹರಿದ ಅಂಚಿನಲ್ಲಿ ಹಸಿರು ಬಣ್ಣ, ಅದರಡಿಯಲ್ಲಿ ತೂತು ಮುಚ್ಚಲು ದಪ್ಪಕ್ಕೆ ಮೆತ್ತಿದ ಪುಟ್ಟಿ, ಅದರಡಿಯಲ್ಲಿ ಬೆರಳಲ್ಲಿ ಉದುರುವ ಕೆಂಪು ತುಕ್ಕು. ಭೋಜ ತುಕ್ಕನ್ನು ನಾಲಿಗೆಗೆ ತಾಗಿಸಿ ನೋಡುತ್ತಾರೆ.

"ಈ ಗಾಡಿ ಎಲ್ಲಿಂದ ತಂದದ್ದು ಸುಗಂಧಿ?"

"ಕಾಪುವಿನಿಂದ. ಮೀನಿನವರದ್ದು. ಕಡಲ ಬದಿಯಲ್ಲಿ ಬಲೆ ಎಳೀತಾ ಇತ್ತಂತೆ."

"ಹೇಳಲಿಲ್ಲ ನೀನು."

"ನೀವು ಕೇಳಲಿಲ್ಲ ಅಲ್ವಾ ಭೋಜಣ್ಣ."

ಕೇಳಿರಲಿಲ್ಲ. ಈ ಕಸುಬಿನಲ್ಲಿ ಜೀಪುಗಳದ್ದು ಎರಡು ಜಾತಿ. ಘಟ್ಟದ ಜೀಪು ಕುಲುಕಿ ಕುಲುಕಿ ಮೂಲೆಗಳಲ್ಲಿ ಬಿರಿಯುತ್ತದೆ; ಅದನ್ನು ಸುತ್ತಿಗೆಯ ಸದ್ದಿನಲ್ಲಿ ಹಿಡಿಯಬಹುದು. ಕಡಲಿನ ಜೀಪನ್ನು ಉಪ್ಪು ಒಳಗಿನಿಂದ ತಿನ್ನುತ್ತದೆ. ಅದಕ್ಕೆ ಬಣ್ಣ ಕೆರೆದು, ತೂತು ಕೊರೆದು ನೋಡಬೇಕು. ಹೆಬ್ರಿಯವರ ಗಾಡಿ ಎಂದ ಕೂಡಲೇ ಭೋಜ ಘಟ್ಟದ ಪರೀಕ್ಷೆ ಮಾತ್ರ ಮಾಡಿದ್ದರು. ಒಡತಿಯ ಊರನ್ನೇ ಗಾಡಿಯ ಊರು ಎಂದುಕೊಂಡಿದ್ದರು.

ಸುಗಂಧಿ ಆಗ ಇಳಿಜಾರಿನ ಬುಡವನ್ನು ನೋಡುತ್ತಾರೆ. ಬಸ್ಸು ಬಂದು ಮಕ್ಕಳನ್ನು ಹತ್ತಿಸಿಕೊಳ್ಳುತ್ತಿದೆ. ಅವರು ರಸ್ತೆಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತುಬಿಡುತ್ತಾರೆ. "ಅಲ್ಲಿ ನಮ್ಮ ಮೋಕ್ಷಾ ಉಂಟು," ಎನ್ನುತ್ತಾರೆ, ಬಹಳ ಮೆಲ್ಲಗೆ. ಮೋಕ್ಷಾ ಅವರ ತಂಗಿಯ ಮಗಳು.

ಮೇಲಿನ ಮನೆಗಳ ಅಕ್ಕಿ ಆ ವಾರ ತಲೆಹೊರೆಯಲ್ಲಿ ಹೋಯಿತು. ಜೀಪು ಮತ್ತೆ ಶೆಡ್ಡು ಸೇರಿತು. ಭೋಜ ಬಲಬದಿಯ ತಗಡನ್ನು ಕತ್ತರಿಸಿ ಎಸೆದು ಹೊಸದು ಹಾಕಿದರು. ಚಾಸಿಯ ಅಡ್ಡಪಟ್ಟಿಯನ್ನು ಕೊರೆದು ನೋಡಿದರು. ಅದು ಗಟ್ಟಿ ಇತ್ತು. ಅಲ್ಲಿಂದ ಗೇಟಿನ ಹಾಗೆ ತೆರೆದು ಮುಚ್ಚುವ ತೋಳೊಂದನ್ನು ಎಬ್ಬಿಸಿ ಚಕ್ರವನ್ನು ಅದಕ್ಕೆ ಕೂರಿಸಿದರು. ತಪ್ಪಿ ಕಳಚಿದರೂ ನೆಲಕ್ಕೆ ಬೀಳದಂತೆ ಒಂದು ಸರಪಳಿಯನ್ನೂ ಬಿಗಿದರು. ಈಗ ಯಾವ ಜೀಪು ಬಂದರೂ ಅವರ ಮೊದಲ ಪ್ರಶ್ನೆ, "ನಿಮ್ಮದಲ್ಲ, ಗಾಡಿಯದ್ದು ಊರು ಯಾವುದು?"

ಮಾಡಿದ ಹಳೆಯ ಕೆಲಸಗಳ ನೆನಪು ಅವರನ್ನು ಬಿಡುತ್ತಿಲ್ಲ. ಹೆಬ್ರಿ, ಕಾರ್ಕಳ ಬದಿಯ ಎಷ್ಟು ಗಾಡಿಗಳನ್ನು ಹೀಗೆ ಊರು ಕೇಳದೆ ಬಿಟ್ಟೆನೋ ಎಂಬ ಭಯ. ಭಾನುವಾರಗಳಲ್ಲಿ ಅವುಗಳನ್ನು ಹುಡುಕಿಕೊಂಡು ಹೋಗಿ ಕೊರೆದು ನೋಡುತ್ತಿದ್ದಾರೆ. ಕೆಲವರು ಚಾ ಕೊಡುತ್ತಾರೆ, ಕೆಲವರು ಬಣ್ಣ ಹಾಳಾಯಿತೆಂದು ಬೈಯುತ್ತಾರೆ.

"ಬೈಯಲಿ," ಎನ್ನುತ್ತಾರೆ. "ಬೈದರೆ ಕೇಳ್ತದೆ."

ಜೀಪು ಸಿದ್ಧವಾದ ದಿನ ನಸುಕಿನಲ್ಲೇ ಸುಗಂಧಿ ಅದನ್ನು ಒಯ್ಯಲು ಬರುತ್ತಾರೆ. ನಿಮಗೊಂದು ಆಸೆ ಅಂತ ಇದೆಯಾ ಎಂದು ಅವರು ಕೇಳಿದರೆ ಭೋಜ ಕೈ ಒರೆಸಿಕೊಳ್ಳುತ್ತ ಯೋಚಿಸುತ್ತಾರೆ. "ಒಮ್ಮೆ ಜೀಪಿನ ಎದುರು ಸೀಟಿನಲ್ಲಿ ಕೂತು ಹೋಗಬೇಕು. ಗುಡ್ಡ ನೋಡಿಕೊಂಡು. ಹಿಂದೆ ತಿರುಗದೆ."

ಸುಗಂಧಿ ಎಡಬದಿಯ ಸೀಟನ್ನು ಸೆರಗಿನಿಂದ ಒರೆಸುತ್ತಾರೆ. "ಹತ್ತಿ ಹಾಗಾದರೆ. ಹೆಬ್ರಿಯಲ್ಲಿ ಬನ್ಸ್ ತಿನ್ನಿಸಿ ಬಸ್ಸು ಹತ್ತಿಸ್ತೇನೆ."

ಭೋಜ ಸೀಟನ್ನು ನೋಡುತ್ತಾರೆ. ಜೀಪಿನ ಹಿಂದೆ ನಡೆದು ಸರಪಳಿಯನ್ನು ಒಮ್ಮೆ ಎಳೆಯುತ್ತಾರೆ.

"ಇವತ್ತು ಬೇಡ," ಎಂದು ಸ್ಕೂಟರಿನ ಕಿಕ್ಕರ್ ಒದೆಯುತ್ತಾರೆ. "ನೀನು ಹೋಗು. ನಾನು ಹಿಂದೆ ಇದ್ದೇನೆ."