ನಿನ್ನ ಉಡಿಗೆ ಬಿದ್ದ ಹಣ್ಣು

ನೀಲಾ, ನಿನ್ನ ಕುಬಸದ ದಿನ ನಿನ್ನ ಉಡಿಗೆ ಬಿದ್ದ ಹಣ್ಣು ನಮ್ಮ ತೋಟದ್ದಲ್ಲ. ನೀನು ನೆಟ್ಟ ಗಿಡದ್ದಂತೂ ಅಲ್ಲವೇ ಅಲ್ಲ. ಅದು ಯಾವುದೋ ಊರಿನಿಂದ ಲಾರಿಯಲ್ಲಿ ಬಂದ ಕೆಂಪು ಬಾಳೆ — ಕಲಬುರಗಿ ಪೇಟೆಯ ನೆಹರು ಗಂಜ್‌ನ ಮೂಲೆಯ ತಳ್ಳುಗಾಡಿಯಲ್ಲಿ ನಾನು ಅವಸರವಸರವಾಗಿ ಕೊಂಡದ್ದು. ನಿನ್ನ ಹಣ್ಣನ್ನು ಅದಕ್ಕೆ ಸ್ವಲ್ಪ ಮೊದಲು ನಾನೇ ಮಾರಿಬಿಟ್ಟಿದ್ದೆ.

ಇಷ್ಟೇ. ಇಪ್ಪತ್ತು ವರ್ಷ ಬಾಯೊಳಗೆ ಇಟ್ಟುಕೊಂಡು ತಿರುಗಿದ್ದು ಬರೆಯಲು ಹೋದರೆ ನಾಲ್ಕು ಸಾಲೂ ಆಗಲಿಲ್ಲ. ಆದರೆ ಉಳಿದದ್ದನ್ನೂ ಹೇಳಬೇಕು. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳಿದರೆ ಬೇಸರ ಮಾಡಿಕೊಳ್ಳಬೇಡ, ಹೇಳುವ ಧೈರ್ಯ ಬರಬೇಕಾದರೆ ನನಗೆ ಮೊದಲಿನಿಂದ ಬರಬೇಕಾಗುತ್ತದೆ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಆಗ ನಮ್ಮದೆಂದರೆ ಬಾವಿಯ ಮಗ್ಗುಲಿನ ಆ ತುಂಡು ತೋಟ ಅಷ್ಟೇ. ಗೊನೆ ಬಲಿಯುವ ಮೊದಲೇ ವ್ಯಾಪಾರಿ ಬಂದು ಇಡೀ ತೋಟ ಗುತ್ತಿಗೆ ಹಿಡಿಯುತ್ತಿದ್ದ. ಅವನೇ ಕಡಿಸುತ್ತಿದ್ದ, ಅವನೇ ಒಯ್ಯುತ್ತಿದ್ದ, ಎಲ್ಲಿ ಮಾರುತ್ತಿದ್ದನೋ ಶಿವನೇ ಬಲ್ಲ. ನಮ್ಮ ಹಣ್ಣು ತಿಂದವರ ಮುಖ ನಾವು ಒಮ್ಮೆಯೂ ನೋಡಿದವರಲ್ಲ. ಒಂದೇ ಒಂದು ಗೊನೆ ಮಾತ್ರ ಅವನ ಪಾಲಿಗೆ ಹೋಗುತ್ತಿರಲಿಲ್ಲ. ಅವ್ವ ತನ್ನ ಹಳೆ ಸೀರೆಯ ಚೂರು ಹರಿದು ಮೊದಲ ಗೊನೆಗೆ ಕಟ್ಟುತ್ತಿದ್ದಳು. ಅದು ಮನೆಯ ಹೆಣ್ಣುಮಗಳ ಉಡಿಯ ಗೊನೆ, ಮಾರುವ ಮಾತಿಲ್ಲ. ವ್ಯಾಪಾರಿಯ ಆಳುಗಳು ಕೂಡ ಆ ಚೂರು ಕಂಡರೆ ಕುಡುಗೋಲು ಹಿಂದಕ್ಕೆ ತೆಗೆದು ಪಕ್ಕದ ಗಿಡಕ್ಕೆ ಹೋಗುತ್ತಿದ್ದರು.

ಮದುವೆಯಾಗಿ ಕಲಬುರಗಿಯ ಗಾಜಿಪುರದ ಮನೆ ಸೇರುವ ಮುಂಚೆ ನೀನೇ ಒಂದು ಬಾಳೆಕಂದು ನೆಟ್ಟು ಹೋದೆ. ಕೆಂಪು ಬಾಳೆ ಅವಸರದ ಜಾತಿಯಲ್ಲ, ವರ್ಷ ದಾಟಿದ ಮೇಲೆಯೇ ಅದು ಗೊನೆ ತೋರಿಸುವುದು. ನಿನ್ನ ಗಿಡ ಗೊನೆ ಹಾಕಿದಾಗ ನಿನ್ನ ಹೊಟ್ಟೆಯಲ್ಲಿ ಭಾಗ್ಯಾ ಇದ್ದಳು. ಅವ್ವನ ಹಿಗ್ಗು ಹೇಳತೀರದು. ಸೀರೆಯ ಚೂರು ಸಾಲದೆ ರವಿಕೆಗೆಂದು ತಂದ ಹೊಸ ಕುಬಸದ ಬಟ್ಟೆಯನ್ನೇ ಕತ್ತರಿಸಿ ಗೊನೆಗೆ ಕಟ್ಟಿದ್ದಳು. ಏಳನೇ ತಿಂಗಳಿಗೆ ತವರಿನವರು ಸೀರೆ-ಕುಬಸ ಒಯ್ದು ಮಗಳ ಉಡಿ ತುಂಬುವ ದಿನ ಗೊತ್ತಾಯಿತು. ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ —

"ಅಣ್ಣಾ, ಮತ್ತೇನೂ ಬ್ಯಾಡ ನನಗ. ನನ್ನ ಗಿಡದ ಹಣ್ಣ ಅಷ್ಟ ತಗೊಂಡ್ ಬಾ. ಮರೀಬ್ಯಾಡ."

ನಾನು ಮರೆಯಲಿಲ್ಲ. ಮರೆತಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವ್ವ ಮತ್ತು ಉಳಿದ ಹೆಂಗಸರು ಹಿಂದಿನ ದಿನವೇ ನಿನ್ನ ಮನೆಗೆ ಬಂದಿದ್ದರು. ನಾನು ಬೆಳಿಗ್ಗೆ ಬುಟ್ಟಿ ಹೊತ್ತು ಬಸ್ಸು ಹತ್ತಿದೆ. ಗೊನೆಯ ಚಿಪ್ಪುಗಳನ್ನೆಲ್ಲ ಹಣಿಗೆ ಹಣಿಗೆಯಾಗಿ ಬಿಡಿಸಿ, ಹುಲ್ಲಿನಲ್ಲಿಟ್ಟು ಹದವಾಗಿ ಹಣ್ಣು ಮಾಡಿ, ನಮ್ಮ ತೋಟದ ಒಣ ಬಾಳೆಲೆಯಲ್ಲೇ ಸುತ್ತಿದ್ದೆ. ಗಂಜ್ ಹತ್ತಿರ ಇಳಿದು ಆಟೋಗೆ ಕಾಯುತ್ತಾ ಒಂದು ಕಪ್ ಚಹಾ ಹೇಳಿದೆ. ತೊಗರಿ ಚೀಲಗಳ ನಡುವೆ ಬುಟ್ಟಿ ಇಳಿಸಿದಾಗ ಎಲೆ ಸರಿದು ಪರಿಮಳ ಎದ್ದಿತು ನೋಡು! ಆ ಬೇಳೆ ಧೂಳು, ಆ ಗೋಣಿಯ ವಾಸನೆ, ಅದೆಲ್ಲವನ್ನೂ ದಾಟಿ ನಿನ್ನ ಹಣ್ಣಿನ ಪರಿಮಳ ಅಂಗಡಿಯೊಳಗೆ ಹೋಗಿಬಿಟ್ಟಿತು. ಗಾದಿಯ ಮೇಲೆ ಕೂತಿದ್ದ ಸಾವಕಾರರೊಬ್ಬರು ಎದ್ದು ಬಂದರು.

"ಯಾ ಊರ ಹಣ್ಣಪಾ ಇದು?"

"ಕಮಲಾಪುರದ್ದು ರೀ, ನಮ್ಮ ತ್ವಾಟದ್ದು. ತಂಗಿ ಕುಬಸಕ್ಕ ಒಯ್ಯಾಕತ್ತೀನ್ರೀ, ಮಾರೂದಲ್ಲ."

ಹೌದು, ಮಾರುವುದಲ್ಲ ಎಂದು ಒಂದು ಸಲ ಹೇಳಿದೆ. ಆ ಒಂದು ಸಲವನ್ನು ಇಷ್ಟು ವರ್ಷ ನನ್ನ ಪರವಾಗಿ ಸಾಕ್ಷಿ ಕರೆಯುತ್ತಾ ಬಂದಿದ್ದೇನೆ — ಆ ಸಾಕ್ಷಿ ಒಮ್ಮೆಯೂ ನನ್ನ ಪರ ಮಾತಾಡಿಲ್ಲ. ಅವರು ರುಚಿ ನೋಡಲು ಒಂದು ಹಣ್ಣು ಕೇಳಿದರು, ಕೊಟ್ಟೆ. ಸಿಪ್ಪೆ ಸುಲಿದು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಆಮೇಲೆ ಇಡೀ ಓಣಿಗೆ ಕೇಳುವಂತೆ ಕೂಗಿದರು: "ಏ, ಬರ್ರೆಪಾ ಇಲ್ಲಿ! ಬೆಣ್ಣಿ ಕರಗಿದಂಗ ಕರಗ್ತದ ಇದು!"

ನೀಲಾ, ನಮ್ಮ ಹಣ್ಣು ತಿನ್ನುವ ಮನುಷ್ಯನ ಮುಖವನ್ನು ನಾನು ಮೊದಲ ಸಲ ನೋಡಿದ್ದು ಆವತ್ತು. ಅಪ್ಪನಿಗೆ ಆ ಭಾಗ್ಯ ಇರಲಿಲ್ಲ, ಅಜ್ಜನಿಗೂ ಇರಲಿಲ್ಲ. ನನಗೆ ಹುಚ್ಚೇ ಹಿಡಿಯಿತು! ದಲಾಲರ ಅಡತಿ ಅಂಗಡಿಗಳಿಂದ ಜನ ಬಂದರು, ಹಮಾಲರು ಚೀಲ ಇಳಿಸಿ ಬಂದರು, ಸ್ಕೂಟರಿನ ಮೇಲೆ ಹೋಗುತ್ತಿದ್ದವರು ಕಾಲೂರಿ ನಿಂತರು. ಕಮಲಾಪುರದ್ದಾ? ಖರೇ ಕಮಲಾಪುರದ್ದಾ? — ಎಲ್ಲರದೂ ಅದೇ ಪ್ರಶ್ನೆ. ನಾನು ಎದೆ ಉಬ್ಬಿಸಿ "ಹೌದ್ರೀ, ನಮ್ಮದs" ಅನ್ನುತ್ತಿದ್ದೆ. ಒಂದು ಹಣಿಗೆ ಹೋದರೆ ಏನಾಯಿತು ಎಂದುಕೊಂಡೆ. ಎರಡು ಹೋದರೂ ಉಡಿಗೆ ಬೇಕಾದಷ್ಟು ಉಳಿಯುತ್ತದೆ ಎಂದುಕೊಂಡೆ. ಕೊನೆಯ ಹಣಿಗೆಗೆ ಇಬ್ಬರು ಜಗಳಕ್ಕೆ ನಿಂತಾಗ… ಅಲ್ಲಾದರೂ ನಿಲ್ಲಬಹುದಿತ್ತು. ಹಣದ ಆಸೆ ಅಂದಿದ್ದರೆ ಅದಕ್ಕೂ ಒಂದು ಅರ್ಥ ಇರುತ್ತಿತ್ತು. ನನಗೆ ಬೇಕಾಗಿದ್ದು ಆ ಜನ, ಆ ಕೂಗು, ಆ "ವ್ಹಾ!". ಇಬ್ಬರಿಗೂ ಪಾಲು ಮಾಡಿ ಕೊಟ್ಟೆ.

ಜನ ಚದುರಿದರು. ಬುಟ್ಟಿಯಲ್ಲಿ ಎಲೆ ಮಾತ್ರ ಇತ್ತು, ಜೊತೆಗೆ ಅವ್ವ ಕಟ್ಟಿದ ಆ ಕುಬಸದ ಬಟ್ಟೆಯ ತುಂಡು.

ಮೂಲೆಯಲ್ಲಿ ತಳ್ಳುಗಾಡಿಯವನೊಬ್ಬ ಕೆಂಪು ಬಾಳೆ ಇಟ್ಟುಕೊಂಡಿದ್ದ. ಓಡಿದೆ. ಕಮಲಾಪುರದ್ದೇನು ಎಂದು ಕೇಳಿದೆ, ಹೌದೆನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ನಕ್ಕ.

"ಎಲ್ಲಾರಿಗೂ ಹೌದಂತೀನ್ರೀ. ನೀವ್ ಅಲ್ಲಿ ಮಾರೂದ್ ನೋಡೀನಿ. ನಿಮಗ್ಯಾಕ ಝೂಟ್ ಹೇಳ್ಲಿ? ಬಾಹರ್ ಕಾ ಮಾಲ್ ಅದ, ಹೊರಗಿಂದು."

ಊರಿಗೆಲ್ಲ ಸುಳ್ಳು ಹೇಳುವವನು ನನಗೆ ನಿಜ ಹೇಳಿದ. ಆ ನಿಜವನ್ನು ಕೊಂಡುಕೊಂಡು, ಆಟೋದಲ್ಲಿ ಕೂತು, ಒಂದೊಂದೇ ಹಣಿಗೆಯನ್ನು ನಮ್ಮ ತೋಟದ ಎಲೆಯಲ್ಲಿ ಸುತ್ತಿದೆ. ಮೇಲೆ ಅವ್ವನ ಬಟ್ಟೆಯ ತುಂಡನ್ನೂ ಕಟ್ಟಿದೆ. ಕೈ ನಡುಗಲಿಲ್ಲ. ಅದನ್ನೂ ಹೇಳಬೇಕಲ್ಲ — ನಡುಗಲಿಲ್ಲ.

ನೀನು ಬಾಗಿಲಲ್ಲೇ ನಿಂತಿದ್ದೆ. ಹಸಿರು ಸೀರೆ, ಕೈತುಂಬ ಬಳೆ. ಬುಟ್ಟಿ ನೋಡಿ ಮುಖ ಅರಳಿತು. "ನನ್ನ ಗಿಡದ್ದಣ್ಣಾ?" ಎಂದು ಕೇಳಿದೆ. ಇಲ್ಲವೆನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರುತ್ತಿರಲಿಲ್ಲ.

"ನಿಂದs ತಂಗಿ. ನಿನ್ನ ಗಿಡದ್ದs."

ಉಡಿ ತುಂಬುವಾಗ ಅವ್ವ ಹಣ್ಣನ್ನು ಕೈಗೆತ್ತಿಕೊಂಡಳು. ಆ ಕೈ ಒಂದು ಕ್ಷಣ ನಿಂತಿತು. ನನ್ನತ್ತ ನೋಡಿದಳು. ಹೆತ್ತವಳಿಗೆ ಮಗ ಗೊತ್ತು, ಬೆಳೆಸಿದವಳಿಗೆ ಹಣ್ಣು ಗೊತ್ತು. ಬೀಗರ ಮನೆ, ತುಂಬಿದ ಮಂದಿ, ಮುಂದೆ ಉಡಿ ಒಡ್ಡಿ ಕೂತ ಮಗಳು. ಅವ್ವ ಹಣ್ಣನ್ನು ನಿನ್ನ ಉಡಿಗೆ ಹಾಕಿದಳು. ಸಾಯುವತನಕ ಆ ಮಾತು ಎತ್ತಲಿಲ್ಲ, ಮುಂದೆ ಯಾವ ಹಂಗಾಮಿನಲ್ಲೂ ನಿನ್ನ ಗೊನೆಯನ್ನು ನನ್ನ ಕೈಗೆ ಕೊಡಲೂ ಇಲ್ಲ, ತಾನೇ ಹೊತ್ತು ತಂದಳು. ಅವಳು ಗಟ್ಟಿಮುಟ್ಟಾಗಿದ್ದಾಳೆ, ತರಲಿ ಬಿಡು ಎಂದು ನೀವೆಲ್ಲ ಅಂದುಕೊಂಡಿರಿ.

ಎಲ್ಲರ ಎದುರು ಬಾಯಿಬಿಟ್ಟವರು ನಿನ್ನ ಅತ್ತೆ ಒಬ್ಬರೇ. ಮನೆಮಂದಿಯೆಲ್ಲ ಆಯಿ ಎನ್ನುವ ಅವರು ಒಂದು ತುಂಡು ತಿಂದು ಮುಖ ಕಿವುಚಿದರು. "ಸಪ್ಪಗ ಅದವಾ. ಇದು ಕಮಲಾಪುರದ್ದಲ್ಲ ನೋಡು." ನೀನು ಕೆಂಡವಾದೆ. "ನಮ್ಮಣ್ಣ ಸುಳ್ಳ ಹೇಳಂಗಿಲ್ರೀ ಅತ್ತಿ!" ಎಲ್ಲರೂ ನನ್ನತ್ತ ತಿರುಗಿದರು. ನಾನು ಎರಡನೆಯ ಸುಳ್ಳು ಹೇಳಿದೆ — "ಈ ಸಲ ನೀರ ಕಡಿಮಿ ಆಗ್ಯಾವ್ರೀ ಆಯಿ. ಅದಕ್ಕ ಸಪ್ಪಗ ಆಗ್ಯಾವ."

ಒಂದು ಸುಳ್ಳಿಗೆ ನೂರು ಸುಳ್ಳು ಅನ್ನುತ್ತಾರೆ. ನನಗೆ ಎರಡೇ ಸಾಕಾದವು, ಉಳಿದ ತೊಂಬತ್ತೆಂಟನ್ನು ನಿನ್ನ ಬಾಯಿಂದ ನಿಜವೆಂದೇ ಹೇಳಿಸಿದೆ.

ಮುಂದಿನ ವರ್ಷ ನಾನು ತೋಟವನ್ನು ಗುತ್ತಿಗೆಗೆ ಕೊಡಲಿಲ್ಲ. ಗಂಜ್‌ನ ಆ ಗದ್ದಲ ತಲೆಯಿಂದ ಇಳಿದಿರಲಿಲ್ಲ. ಅದೇ ಸಾವಕಾರರ ಬಾಗಿಲಿಗೆ ಮತ್ತೆ ಬುಟ್ಟಿ ಇಳಿಸಿದೆ. ಐವಾನ್-ಎ-ಶಾಹಿ ಅತಿಥಿಗೃಹದ ಕಡೆ ಬೆಳಿಗ್ಗೆ ವಾಕಿಂಗ್ ಬರುವ ಸಾಹೇಬರುಗಳನ್ನು ಹಿಡಿದೆ. ಕೆಂಪಗಿದೆ ಎಂದು ಕಾಯಿಯನ್ನೇ ಸುಲಿದು ತಿಂದು ಬೈದವರಿಗೆ, ಇದು ಹುಟ್ಟಾ ಕೆಂಪು ರೀ, ಮೆತ್ತಗಾಗಿ ಬಣ್ಣ ತಿಳಿಯಾದ ಮೇಲೆ ತಿನ್ನಬೇಕು ಎಂದು ಪಾಠ ಹೇಳಿದೆ. ಅಯ್ಯೋ, ಏನು ದಿನಗಳು ಅವು! ಆದರೆ ವ್ಯಾಪಾರಕ್ಕೆ ಕಾಲು ಬಂದದ್ದು ನಿನ್ನಿಂದ. ಗಾಜಿಪುರದ ನಿಮ್ಮ ಮನೆಯ ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ನೀನು ಕೂತೆಯೆಂದರೆ ಮಧ್ಯಾಹ್ನದೊಳಗೆ ಖಾಲಿ. ಯಾರಾದರೂ ಇದು ಖರೇ ಕಮಲಾಪುರದ್ದೋ ಎಂದು ಅನುಮಾನಪಟ್ಟರೆ ನಿನ್ನ ಹತ್ತಿರ ಒಂದು ಕಥೆ ಇರುತ್ತಿತ್ತು —

"ನನ್ನ ಕುಬಸದಾಗ ನಮ್ಮಣ್ಣ ಮನಸ್ಸ ಮಾಡಿದ್ರ ಪ್ಯಾಟ್ಯಾಗ ಸವಿ ಹಣ್ಣ ಸಿಗ್ತಿದ್ದಿಲ್ಲೇನು? ಸಪ್ಪಗ ಆದ್ರೂ ನಮ್ಮ ತ್ವಾಟದ್ದs ಉಡಿಗಿ ಹಾಕ್ಯಾನ. ಅಂಥಾವ ನಿಮಗ ಹೊರಗಿನ ಮಾಲ ಕೊಡ್ತಾನೇನ್ರೀ?"

ಆ ಕಥೆ ಕೇಳಿ ಜನ ಹಣ್ಣು ಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಚಿಲ್ಲರೆ ಕೊಡುತ್ತಿದ್ದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟೂ ಮಾಡಲಿಲ್ಲ, ನಕ್ಕು ತಲೆಯಾಡಿಸಿದೆ. ಆಮೇಲೆ ಒಮ್ಮೆಯೂ ಹೊರಗಿನ ಹಣ್ಣು ಮಾರಿಲ್ಲ, ನಿಜ. ಆದರೆ ಮಾರಿದ ಪ್ರತಿಯೊಂದು ಹಣ್ಣಿನ ಜೊತೆಗೂ ಆ ಕಥೆ ಹೋಗಿದೆ.

ಆಯಿಯನ್ನು ಮಾತ್ರ ಎಲ್ಲರೂ ಆಡಿಕೊಂಡೆವು. ಸಾರಿಗೆ ಉಪ್ಪು ಕಡಿಮೆ ಎಂದರೂ "ಆಯಿ ನಾಲಿಗಿ ಅದು, ಕಮಲಾಪುರದ ಹಣ್ಣs ಗುರ್ತ ಹಿಡೀಲಿಲ್ಲ" ಎಂದು ನೀವೆಲ್ಲ ನಗುತ್ತಿದ್ದಿರಿ. ಮೊದಮೊದಲು ಅವರೂ ವಾದಿಸುತ್ತಿದ್ದರು. ಆಮೇಲೆ ಬಿಟ್ಟರು.

ಮೊನ್ನೆ ಭಾಗ್ಯಾ ಹೊಸ ಪೆಟ್ಟಿಗೆಯ ನಮೂನೆ ತಂದಳಲ್ಲ — ಎಂಥ ಚಂದದ ಪೆಟ್ಟಿಗೆ! ಕೆಂಪು ಗೊನೆಯ ಚಿತ್ರ, ಒಳಗೆ ನಮ್ಮ ತೋಟದ ಎಲೆ ಹಾಸಲು ಜಾಗ, ಫೋನಿನಲ್ಲೇ ಕೇಳಿದವರ ಮನೆಗೆ ಕಲಬುರಗಿಯಾಚೆಗೂ ಕಳಿಸಬಹುದು. ನಾನು ಮಕ್ಕಳ ಹಾಗೆ ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ ಮುಚ್ಚಳದ ಮೇಲಿನ ಅಕ್ಷರ ಓದಿದೆ. "ಸಪ್ಪಗಾದರೂ ನಮ್ಮದೇ" — ದಪ್ಪಕ್ಷರದಲ್ಲಿ. ಕೆಳಗೆ ನಿನ್ನ ಕುಬಸದ ಕಥೆ, ಪೂರ್ತಿ. ಭಾಗ್ಯಾ ಹೊಟ್ಟೆಯಲ್ಲಿದ್ದಾಗಿನ ಸುಳ್ಳು ಭಾಗ್ಯಾಳ ಕೈಯಿಂದಲೇ ಅಚ್ಚಾಗಲು ಹೊರಟಿತ್ತು. ನೀನು ಕಣ್ಣೊರೆಸಿಕೊಂಡು ನನ್ನನ್ನು ನೋಡಿದೆ.

ಆಗಲೇ ಆಯಿ ನಮೂನೆಗೆಂದು ಇಟ್ಟಿದ್ದ ಹಣ್ಣೊಂದನ್ನು ತೆಗೆದುಕೊಂಡರು. ಈಗ ಹಲ್ಲಿಲ್ಲ, ಒಸಡಿನಲ್ಲೇ ನಿಧಾನ ತಿಂದರು. "ಇದು ನಿಮ್ಮದು. ಅವತ್ತಿಂದು ಅಲ್ಲ" ಎಂದರು. ಎಲ್ಲರೂ ಹೋ ಎಂದು ನಕ್ಕರು. ನೀನೂ ನಕ್ಕೆ. ಆಯಿ ಸಿಪ್ಪೆ ಮಡಚಿಡುತ್ತಾ ಅಂದರು — "ನಾ ಸಾಯೂದ್ರೊಳಗ ಯಾರರ ಒಬ್ರು ಹೌದನ್ರೆವಾ."

ನಗು ಇನ್ನೂ ನಿಂತಿರಲಿಲ್ಲ. ನಾನು ಚಪ್ಪಲಿ ಹುಡುಕುವ ನೆಪ ಮಾಡಿ ಹೊರಗೆ ಬಂದೆ.

ನಿನ್ನೆ ಭಾಗ್ಯಾಳಿಗೆ ಫೋನ್ ಮಾಡಿ, ಮುಚ್ಚಳ ಅಚ್ಚಿಗೆ ಕೊಡಬೇಡ ಎಂದಿದ್ದೇನೆ. "ಯಾಕ ಮಾಮಾ? ಚಂದ ಬಂದಿಲ್ಲೇನು?" ಎಂದಳು. ಬಂದು ಹೇಳುತ್ತೇನೆ ಎಂದೆ. ಇದನ್ನು ಬರೆದದ್ದು ನಿನ್ನ ಕೈಗಿಟ್ಟು ಓಡಿಬರಲಿಕ್ಕಲ್ಲ. ಬಾಯಿಂದಲೇ ಹೇಳುತ್ತೇನೆ, ನಾಲಿಗೆ ತೊದಲಬಾರದೆಂದು ಒಮ್ಮೆ ಬರೆದು ನೋಡಿದೆ ಅಷ್ಟೇ.

ಈ ಹಂಗಾಮಿನ ಮೊದಲ ಗೊನೆ ಹಣ್ಣಾಗಿದೆ. ನಿನ್ನ ಆ ಗಿಡದ ಕಂದಿನ ಕಂದು ಅದು, ಬಾವಿಯ ಮಗ್ಗುಲಲ್ಲಿ ಇನ್ನೂ ನಿಂತಿದೆ. ನಾಳೆ ಬುಟ್ಟಿ ಹೊತ್ತು ಬಸ್ಸು ಹತ್ತುತ್ತೇನೆ. ಗಂಜ್‌ನಲ್ಲಿ ಇಳಿದರೂ ಚಹಾಕ್ಕೆ ನಿಲ್ಲುವುದಿಲ್ಲ. ನಿನ್ನ ಉಡಿ ಒಡ್ಡು ಎಂದು ಕೇಳುವುದಿಲ್ಲ, ಆ ಹಕ್ಕನ್ನು ಆವತ್ತೇ ಮಾರಿದ್ದೇನೆ. ಮೊದಲು ಆಯಿಯ ಮುಂದೆ ಕೂರುತ್ತೇನೆ. ನೀನು, ಭಾಗ್ಯಾ, ಮನೆಮಂದಿಯೆಲ್ಲ ಕೇಳುವಂತೆ ಹೇಳುತ್ತೇನೆ: "ಹೌದ್ರೀ ಆಯಿ. ಅದು ಕಮಲಾಪುರದ್ದಲ್ಲ."

ಆಮೇಲೆ ನಿನ್ನ ಕಡೆ ತಿರುಗುತ್ತೇನೆ, ನೀಲಾ.