ಏಳನೇ ಕನ್ಯಾ

ಬಸವನ ಬಾಗೇವಾಡಿಯ ಮಾಸ್ತರೊಬ್ಬರನ್ನ ಅವರ ತಂದೆ-ತಾಯಿ ಜೋಡಿ ಕನ್ಯಾ ನೋಡಾಕ ನನ್ನ ಬಾಡಿಗಿ ಕಾರಿನ್ಯಾಗ ಆರು ಊರಿಗೆ ಕರ್ಕೊಂಡು ಹೋಗಿದ್ದೆ. ಆರೂ ಹುಡುಗ್ಯಾರು ತಲಿ ತಗ್ಗಿಸಿ ಚಹಾ ಕೊಟ್ಟರು. ಮಾಸ್ತರ ಮನಸ್ಸಿಗೆ ಒಬ್ಬರೂ ಬರಲಿಲ್ಲ.

ಏಳನೇದು ಮೋರಟಗಿ. ವಾಪಸ್ ಹೊಂಟಾಗ ನನ್ನ ಗಾಲಿ ಅಂಗಳದಾಗ ಒಣಗಾಕ ಹಾಕಿದ್ದ ಮೆಣಸಿನಕಾಯಿ ಮ್ಯಾಲೆ ಹತ್ತಿತು. ಈಗಷ್ಟ ಚಹಾ ಕೊಟ್ಟಿದ್ದ ಹುಡುಗಿ ಸೆರಗು ಸಿಗಿಸಿಕೊಂಡು ಓಡಿಬಂದಳು.

"ಕಣ್ಣು ಎಲ್ಲಿಟ್ಟೀರಿ? ಇಳಿದು ಆರಿಸ್ರಿ!"

ನಾ ಇಳಿಯೋದರೊಳಗ ಮಾಸ್ತರು ಕೂತು ಆರಿಸಾಕತ್ತಿದ್ದರು.

ದಾರ್ಯಾಗ, "ಇಕಿನ್ನ ಮಾಡ್ಕೋತೇನಿ," ಅಂದರು. "ಯಾಕೋ?" ಅಂತ ಅವರ ತಾಯಿ ಕೇಳಿದರು. ಅವರ ತಂದೆ ಹೆಂಡತಿ ಕಡೆ ನೋಡಿ ನಕ್ಕರು: "ಅಕಿ ಬೈಯೂದು ಕೇಳಿ, ಕಾರಿನಿಂದ ನೀನ ಇಳಿದು ಬೈಯಾಕತ್ತೀಯೇನೋ ಅನ್ಕೊಂಡೆ."

ಬೈಸಿಕೊಂಡವ ನಾನು, ಮನಸ್ಸು ಕೊಟ್ಟವರು ಅವರು. ಅವತ್ತು ಮನಿಗೆ ಹೋದಾಗ ಹೆಂಡತಿ ಬೈಯೂದನ್ನ ಮೊದಲ ಸಲ ಲಕ್ಷ್ಯ ಕೊಟ್ಟು ಕೇಳಿದೆ. ಥೇಟ್ ನಮ್ಮವ್ವ.