ಗುಲಾಬಿ ಕಲ್ಲಿನ ಅಡುಗೆ ಕಟ್ಟೆ

ಬೆಳಿಗ್ಗೆ ಹಾಲು ಕಾಯಿಸಿದೆ, ಮಜ್ಜಿಗೆ ಕಡೆದೆ, ಹೆಸರುಕಾಳು ನೆನೆಹಾಕಿದೆ, ಹಪ್ಪಳ ಬಿಸಿಲಿಗೆ ಹರವಿದೆ. ಅಡುಗೆಮನೆಯ ಕಿಟಕಿ ಗಾಳಿಗೆ ಬಡಿಯದಂತೆ ಸಂದಿಯಲ್ಲಿ ಗುಲಾಬಿ ಕಲ್ಲಿನ ಚೂರೊಂದನ್ನು ಇಟ್ಟೆ. ಅಷ್ಟರಲ್ಲಿ ಸೊಸೆ ಪದ್ಮಾ ಕಾರ್ಖಾನೆಯಲ್ಲಿ ಮಾಡಿದ ಬಿಳಿ ಕಲ್ಲಿನ ತುಂಡು ತಂದು ಮುಂದಿಟ್ಟಳು.

“ಅತ್ತೀ, ಈ ಹಳೇ ಕಟ್ಟಿ ಕೀಳಸೂಣ್ರಿ. ಈಗ ಎಲ್ಲಾರ ಮನ್ಯಾಗೂ ಬಿಳೇದ ಐತಿ.”

ನಾನು ಕಿಟಕಿಯ ಚೂರನ್ನೇ ನೋಡುತ್ತ ನಿಂತೆ. ಅದನ್ನು ಒಡೆದವರು ನನ್ನ ಮಾವ.

ಸಾಂಗ್ಲಿ–ಮಿರಜ್ ರಸ್ತೆಯ ಎರಡೂ ಬದಿಯ ಹೊಲಗಳು ಪ್ಲಾಟುಗಳಾಗುತ್ತಿದ್ದ ಕಾಲ. ಪೇಟೆಯ ಹಳೆಮನೆ ಬಿಟ್ಟು ನಾವೂ ಅಲ್ಲಿ ಮನೆ ಕಟ್ಟಿಸಿದೆವು. ಅದುವರೆಗೆ ನೆಲದ ಮೇಲೆ ಕುಳಿತು ಬೇಯಿಸಿದವಳಿಗೆ ನಿಂತು ಬೇಯಿಸುವ ಕಟ್ಟೆ ಬರುವುದಿತ್ತು. ಮಾವನವರಿಗೆ ಬಿಳಿ ಮಾರ್ಬಲ್ ಬೇಕು, ನನಗೆ ಗುಲಾಬಿ ಗ್ರಾನೈಟ್. ನಾನು ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಓದಿದವಳು. ಮದುವೆಗೆ ಪದವಿ ಬೇಕಿತ್ತು, ಅದರೊಳಗಿನ ವಿಷಯ ಯಾರಿಗೂ ಬೇಕಿರಲಿಲ್ಲ. ನಾನೂ ಅರ್ಧ ಮರೆತಿದ್ದೆ ಅನ್ನಿ.

ಮಾವನವರದು ಅರಿಷಿಣದ ವ್ಯಾಪಾರ. ಕೊಂಬನ್ನು ಲಟಕ್ಕನೆ ಮುರಿದು, ಮುರಿದ ಮುಖ ನೋಡಿ ಮಾಲಿನ ಗುಣ ಹೇಳುತ್ತಿದ್ದರು. ಕಲ್ಲಿನಂಗಡಿಯಲ್ಲೂ ಅದನ್ನೇ ಮಾಡಿದರು. ಗುಲಾಬಿ ಕಲ್ಲಿನ ತುಂಡು ಕೇಳಿ ಪಡೆದು ಸುತ್ತಿಗೆಯಿಂದ ಹೊಡೆದರು. ಒಳಗೆ ಕನ್ನಡಿಯಂಥ ಚಪ್ಪಟೆ ಮುಖ ಮಿಂಚಿತು.

“ನೋಡವಾ, ಒಳಗ ಮೊದಲಿಂದನ ಸೀಳೈತಿ. ಹೊಸಾ ಮುರಿತ ಇಷ್ಟ ನುಣುಪ ಇರತೈತೇನು? ಮ್ಯಾಲೆ ಬಿಳೇ ಎಳಿ ಬ್ಯಾರೆ. ಒಡಕ ಮಾಲು.”

ದಿನವೂ ಆ ಕಟ್ಟೆಯ ಮುಂದೆ ನಿಲ್ಲಬೇಕಾದವಳು ನಾನು. ಸೆರಗು ಸರಿಮಾಡಿಕೊಂಡು ಬಾಯಿಬಿಟ್ಟೆ. “ಮಾವಾರ, ಅದು ಸೀಳಲ್ಲರಿ, ಅದರ ಗುಣರಿ. ಈ ಗುಲಾಬಿ ಹರಳಿಗೆ ಫೆಲ್ಡ್‌ಸ್ಪಾರ್ ಅಂತಾರ. ಇನ್ನೊಂದ ಏಟ ಹಾಕ್ರಿ, ಪೆಟಗಿ ಮೂಲಿ ಹಂಗ ಒಡೀತೈತಿ.”

ಹಾಕಿದರು. ನನ್ನ ಪುಣ್ಯಕ್ಕೆ ಹಾಗೆಯೇ, ಪೆಟ್ಟಿಗೆಯ ಮೂಲೆಯಂತೆ ಎರಡು ಚಪ್ಪಟೆ ಮುಖ ನೇರವಾಗಿ ಕೂಡುವ ಹಾಗೆ ಒಡೆಯಿತು.

ಬಿಳಿ ಎಳೆಗಳ ಕಥೆಯನ್ನೂ ಹೇಳಿದೆ. ಪೊಟ್ಯಾಶಿಯಂದು, ಸೋಡಿಯಂದು ಎಂದು ಎರಡು ಬಗೆಯ ಫೆಲ್ಡ್‌ಸ್ಪಾರ್. ಕುದಿಬಿಸಿಯಲ್ಲಿ ಒಂದಾಗಿ ಕೂಡಿದ್ದು, ನಿಧಾನವಾಗಿ ಆರುತ್ತ ಬೇರೆಯಾಗುತ್ತವೆ. ಆದರೂ ಒಂದೇ ಹರಳಿನೊಳಗೆ ಎಳೆಎಳೆಯಾಗಿ ಉಳಿಯುತ್ತವೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಈ ಮಾತು ನನಗೆ ಅರ್ಥವಾದದ್ದು ಕೂಡುಕುಟುಂಬಕ್ಕೆ ಬಂದ ಮೇಲೆ.

ಎರಡೂ ಕಲ್ಲನ್ನು ಚಾಕುವಿನಿಂದ ಗೀರಿದೆ. ಗುಲಾಬಿ ಕಲ್ಲಿನ ಮೇಲೆ ಚಾಕುವೇ ಸವೆದು ಬೂದು ಗೆರೆ ಬಿತ್ತು, ಒರೆಸಿದರೆ ಹೋಯಿತು. ಮಾರ್ಬಲ್ ಮೇಲೆ ಗಾಯವಾಯಿತು. ಎದುರಿನ ಕಬ್ಬಿನಹಾಲಿನ ಗಾಡಿಯಿಂದ ಲಿಂಬೆಹಣ್ಣು ತಂದು ಎರಡರ ಮೇಲೂ ಹಿಂಡಿದೆ. ಮಾರ್ಬಲ್ ಸಣ್ಣಗೆ ಗುಳ್ಳೆಯೆದ್ದು ಮಂಕಾಯಿತು.

“ಲಿಂಬಿಹಣ್ಣ ಕಲ್ಲಿನ ಮ್ಯಾಲೆ ಹಿಂಡಾಕ ಡಿಗ್ರಿ ತಗೊಂಡಿಯೇನವಾ?”

“ಹೌದರಿ. ಮನ್ಯಾಗ ದಿನಾ ಹಿಂಡಾಕಿ ನಾನ ಅಲ್ರಿ?”

ಮಾವನವರು ಮಂಕಾದ ಮಾರ್ಬಲ್ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ಅಂಗಡಿಯವನಿಗೆ, “ಗುಲಾಬಿನ ಕೊಡಪಾ. ಇಲ್ಲಾಂದ್ರ ನಮ್ಮನ್ನೂ ಹಿಂಡತಾಳಿಕಿ” ಎಂದರು. ಒಡೆದ ಚೂರನ್ನು ಧೋತರದ ತುದಿಯಲ್ಲಿ ಕಟ್ಟಿಕೊಂಡು ಬಂದು, ಇರುವತನಕ ತಮ್ಮ ಅಂಗಡಿಯ ಗಾದಿಯ ಮೇಲೆ ಅರಿಷಿಣದ ನಮೂನೆಗಳ ನಡುವೆ ಇಟ್ಟುಕೊಂಡಿದ್ದರು.

ಇವತ್ತು ಪದ್ಮಾಳ ಬಿಳಿ ತುಂಡಿಗೂ ಅದೇ ಪರೀಕ್ಷೆ ಮಾಡಿದೆ. ಚಾಕು ನಾಟಲಿಲ್ಲ. ಲಿಂಬೆಹಣ್ಣಿಗೆ ಅದು ಕಣ್ಣೂ ಮಿಟುಕಿಸಲಿಲ್ಲ.

“ಪಾಸಾತಲ್ರಿ, ಅತ್ತೀ!”

“ಆಗ್ಲಿ. ಹಿತ್ತಲಕಟ್ಟಿಗೆ ಹಾಕ್ಸು. ಇದನ್ನ ಕೀಳಾಕ ಬಿಡಾಂಗಿಲ್ಲ.”

“ಯಾಕ್ರಿ?”

“ಇದು ನಾ ಆರಿಸಿದ್ದು.”

ಇಷ್ಟು ವರ್ಷ ಆ ದಿನ ಗೆದ್ದವಳು ನಾನೆಂದುಕೊಂಡಿದ್ದೆ. ಸೋತು ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂದು ಇಂದು ತಿಳಿಯಿತು. ಮಾವನವರಿಗೆ ಅದು ಸಾಧ್ಯವಾಗಿತ್ತು. ನನಗೆ ಆಗಲಿಲ್ಲ, ಆಗಬೇಕೆಂದೂ ಇಲ್ಲ. ಪದ್ಮಾ ಮುಖ ಊದಿಸಿಕೊಂಡೇ ರೊಟ್ಟಿ ಬೇಯಿಸಿ, ಕಾದ ಹಂಚನ್ನು ನನ್ನ ಗುಲಾಬಿ ಕಲ್ಲಿನ ಮೇಲೆ ದಡಕ್ಕನೆ ಇಳಿಸಿದಳು. ಕಲ್ಲಿಗೆ ಏನೂ ಆಗಲಿಲ್ಲ.

ನಮ್ಮ ಮನೆಯ ರೂಢಿಯಂತೆ ಹೊತ್ತು ಮುಳುಗುವ ಮೊದಲೇ ಉಂಡೆವು: ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಸೇಂಗಾ ಹಿಂಡಿ, ಮಜ್ಜಿಗೆ. ಮೊದಲು ಮಲಗಿದವಳು ಪದ್ಮಾ. ಮಲಗುವ ಮುಂಚೆ ಗುಲಾಬಿ ಕಟ್ಟೆಯನ್ನು ಹೊಳೆಯುವಂತೆ ಒರೆಸಿಟ್ಟಿದ್ದಳು.